ಸಕ್ಕರೆ ಅಚ್ಚು ಕೈಗೆ ಹತ್ತಲು ಮೂರು ಸಂಕ್ರಾಂತಿ ಹಿಡಿಯಿತು

ಮಂಡ್ಯದ ನಮ್ಮ ಮನೆಗೆ ಸಂಕ್ರಾಂತಿಯ ಸಕ್ಕರೆ ಅಚ್ಚು ಈಗ ಅಂಗಡಿಯಿಂದ ಬರುವುದಿಲ್ಲ. ಎಲ್ಲ ಮನೆಯಲ್ಲೇ. ಮೈಸೂರಿನ ತವರಿನಲ್ಲಿ ಅಜ್ಜಿ ಮಾಡುವಾಗ ನಾನು ಪಕ್ಕದಲ್ಲಿ ಕೂತು ಗಿಳಿ ಎಷ್ಟು, ಆನೆ ಎಷ್ಟು ಅಂತ ಎಣಿಸುತ್ತಿದ್ದೆ ಅಷ್ಟೇ, ಒಲೆ ಹತ್ತಿರ ಬಿಡುತ್ತಿರಲಿಲ್ಲ. ಮುಂದೆ ಅಜ್ಜಿಯ ಮರದ ಅಚ್ಚುಗಳು ನನಗೆ ಬಂದವು. ಕೆಲಸ ಮಾತ್ರ ಗೊತ್ತಿರಲಿಲ್ಲ.

ಮೊದಲ ವರ್ಷ ಅಚ್ಚನ್ನು ಅರ್ಧ ಗಂಟೆ ನೀರಲ್ಲಿಟ್ಟು ಪಾಕ ಸುರಿದೆ. ಗಿಳಿ ಮರಕ್ಕೇ ಕಚ್ಚಿಕೊಂಡಿತು. ಬಿಡಿಸಲು ಹೋದರೆ ಕೊಕ್ಕು ಅಚ್ಚಿನೊಳಗೆ, ಮೈ ನನ್ನ ಕೈಯಲ್ಲಿ. ಮಗಳು ಅತ್ತೇಬಿಟ್ಟಳು. ಎರಡನೇ ವರ್ಷ ಬೆಳ್ಳಗೆ ಬರಲಿ ಅಂತ ಅರ್ಧ ಹೋಳು ನಿಂಬೆಹಣ್ಣು ಹಿಂಡಿದೆ. ಪಾಕ ಗಟ್ಟಿಯಾಗಲೇ ಇಲ್ಲ, ಅಂಟಂಟಾಗಿ ಉಳಿಯಿತು. ಹುಳಿ ಜಾಸ್ತಿ ಬಿದ್ದರೆ ಸಕ್ಕರೆ ಒಡೆದು ಮತ್ತೆ ಹರಳು ಕಟ್ಟುವುದಿಲ್ಲ ಅಂತ ಆಮೇಲೆ ತಿಳಿಯಿತು.

ಈಗ ಮಾಡುವುದು ಹೀಗೆ. ಅಚ್ಚನ್ನು ಹಿಂದಿನ ರಾತ್ರಿಯೇ ನೆನೆಹಾಕುತ್ತೇನೆ. ಮರ ಚೆನ್ನಾಗಿ ನೀರು ಕುಡಿದಿದ್ದರೆ ಪಾಕ ಅಂಟುವುದಿಲ್ಲ. ಬೆಳಿಗ್ಗೆ ತೆಗೆದು ನೀರು ಪೂರ್ತಿ ಕೊಡವಿ, ಎರಡೂ ಭಾಗ ಜೋಡಿಸಿ, ರಬ್ಬರ್ ಬ್ಯಾಂಡ್ ಬಿಗಿದು ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸುತ್ತೇನೆ. 1 ಕೆಜಿ ಸಕ್ಕರೆಗೆ ಅದು ಮುಳುಗುವಷ್ಟು ನೀರು. ಕುದಿ ಬಂದಾಗ 2 ಚಮಚ ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿಟ್ಟುಕೊಳ್ಳಿ.

ಇಲ್ಲಿಂದ ಮುಂದೆ ಅವಸರ ಬೇಡ. ಸೋಸಿದ್ದನ್ನೆಲ್ಲ ಒಟ್ಟಿಗೆ ಒಲೆಗೆ ಇಡಬೇಡಿ, 2 ಸೌಟು ಮಾತ್ರ ಚಿಕ್ಕ ಪಾತ್ರೆಗೆ ಹಾಕಿ, ಎರಡೇ ಎರಡು ಹನಿ ನಿಂಬೆರಸ ಬಿಟ್ಟು, ತಿರುಗಿಸುತ್ತಲೇ ಇರಿ. ಮೊದಲು ದೊಡ್ಡ ದೊಡ್ಡ ಗುಳ್ಳೆ ಬರುತ್ತವೆ. ಆಮೇಲೆ ಗುಳ್ಳೆ ಸಣ್ಣದಾಗಿ ಒತ್ತೊತ್ತಾಗುತ್ತದೆ, ಕುದಿಯುವ ಸದ್ದೇ ಬದಲಾಗುತ್ತದೆ, ಪಾತ್ರೆಯ ಅಂಚಿನಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಕಾಣುತ್ತದೆ. ಆ ಗೆರೆ ಕಂಡ ತಕ್ಷಣ ಕೆಳಗಿಳಿಸಿ, ನಾಲ್ಕು ಸುತ್ತು ತಿರುಗಿಸಿ, ಹಾಲಿನ ಬಣ್ಣಕ್ಕೆ ತಿರುಗುತ್ತಿದ್ದ ಹಾಗೆ ಸುರಿದುಬಿಡಿ. ಸ್ವಲ್ಪ ತಡವಾದರೂ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಹಾಗಾದರೆ ಹೆದರಬೇಡಿ, ಒಂಚೂರು ನೀರು ಹಾಕಿ ಮತ್ತೆ ಕಾಯಿಸಿದರೆ ಸರಿಹೋಗುತ್ತದೆ. ಹತ್ತು ನಿಮಿಷ ಬಿಟ್ಟು ರಬ್ಬರ್ ಬ್ಯಾಂಡ್ ತೆಗೆದು ಮೆಲ್ಲಗೆ ಬಿಡಿಸಿ. ಮೂರನೇ ವರ್ಷ ಮೊದಲ ಗಿಳಿ ಕೊಕ್ಕಿನ ಸಮೇತ ಹೊರಗೆ ಬಂದಾಗ ನಾನು, ಮಗಳು ಇಬ್ಬರೂ ಕೂಗಿದ ಕೂಗಿಗೆ ಪಕ್ಕದ ಮನೆಯವರು ಓಡಿ ಬಂದಿದ್ದರು! ಮುರಿದದ್ದನ್ನು ಬಿಸಾಡಬೇಡಿ, ಮುಂದಿನ ಪಾಕಕ್ಕೆ ಸೇರಿಸಿ.

ಎಳ್ಳು ಬೆಲ್ಲ ಇದರಷ್ಟು ಕಷ್ಟ ಇಲ್ಲ, ಕೈ ನೋವು ಜಾಸ್ತಿ ಅಷ್ಟೇ. ಇದು ಕಬ್ಬಿನ ಸೀಮೆ, 1933ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆ ಇರುವ ಊರು, ಬೆಲ್ಲಕ್ಕೆ ಬರ ಇಲ್ಲ. ಆದರೆ ಮೆತ್ತನೆ ಬೆಲ್ಲ ತಂದರೆ ಎಳ್ಳೆಲ್ಲ ಅಂಟಿ ಉಂಡೆಯಾಗುತ್ತದೆ. ಗಟ್ಟಿ ಅಚ್ಚುಬೆಲ್ಲವೇ ಬೇಕು. ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ ಎರಡು ದಿನ ಬಿಸಿಲಿಗೆ ಇಡುತ್ತೇನೆ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಹೆಚ್ಚುವುದು ಯಜಮಾನರ ಪಾಲು. ಹುರಿದ ಕಡಲೆಬೀಜದ ಸಿಪ್ಪೆ ಉಜ್ಜಿ ಊದುವುದು ಮಕ್ಕಳ ಕೆಲಸ, ಅಂಗಳದ ತುಂಬ ಸಿಪ್ಪೆ. ಬಿಳಿ ಎಳ್ಳು, ಹುರಿಗಡಲೆ ಕೊನೆಗೆ ಸೇರುತ್ತವೆ.

ಮಕ್ಕಳಿಗೆ ಈ ಕೈಕೆಲಸದ ರುಚಿ ಹತ್ತಿದ್ದು ಕ್ರಿಸ್‌ಮಸ್ ರಜೆಯಲ್ಲಿ. ಮೈಸೂರಿಗೆ ಹೋದಾಗ ಸಂತ ಫಿಲೋಮಿನಾ ಚರ್ಚಿನ ಎರಡು ಗೋಪುರಗಳ ದೀಪಾಲಂಕಾರ ನೋಡಿ, ನಮ್ಮನೆಗೂ ನಕ್ಷತ್ರ ಬೇಕು ಅಂತ ಹಟ. ಹತ್ತು ಬಿದಿರು ಕಡ್ಡಿಯಲ್ಲಿ ಐದು ಮೂಲೆಯ ಎರಡು ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ತುದಿಗಳನ್ನು ಬಿಗಿದು, ನಡುವೆ ಐದು ಚಿಕ್ಕ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬುತ್ತದೆ. ಗಾಳಿಪಟದ ಕಾಗದ, ಮೈದಾ ಅಂಟು, ಒಳಗೊಂದು ಎಲ್‌ಇಡಿ ಬಲ್ಬ್. ಮೇಣದಬತ್ತಿ ಇಡಲೇಬೇಡಿ. ಅದೇ ನಕ್ಷತ್ರ ಸಂಕ್ರಾಂತಿ ತನಕ ಬಾಗಿಲಲ್ಲಿ ತೂಗುತ್ತಿತ್ತು, ಕೆಳಗೆ ಧನುರ್ಮಾಸದ ರಂಗೋಲಿ. ನನಗೆ ಅದು ತುಂಬ ಇಷ್ಟವಾಯಿತು.

ಹಬ್ಬದ ಸಂಜೆ ಮಕ್ಕಳು ತಟ್ಟೆ ಹಿಡಿದು ಎಳ್ಳು ಬೀರಲು ಹೊರಡುತ್ತಾರೆ. ಒಂದು ವರ್ಷ ಮೈಸೂರಿನ ಹತ್ತಿರ ಸಿದ್ದಲಿಂಗಪುರದಲ್ಲಿ ಕಿಚ್ಚು ಹಾಯಿಸುವುದನ್ನೂ ತೋರಿಸಿದೆವು. ಮಗ ಅಲ್ಲಿ ಬಣ್ಣ ಬಳಿದ ಕೊಂಬು ನೋಡುವುದರಲ್ಲೇ ಮುಳುಗಿಹೋದ. ಮುಂದಿನ ಸಲ ಅಚ್ಚಿಗೆ ಎತ್ತೂ ಬೇಕಂತೆ, ನಮ್ಮಲ್ಲಿ ಆ ಅಚ್ಚು ಇಲ್ಲ, ಹುಡುಕುತ್ತಿದ್ದೇನೆ.

ಇನ್ನೊಂದು ಮಾತು. ಕೆಲಸ ಮುಗಿದ ಮೇಲೆ ಅಚ್ಚನ್ನು ಬಿಸಿನೀರಲ್ಲಿ ತೊಳೆದು ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಮರ ಬಿರಿಯುತ್ತದೆ. ನಾನು ಅಜ್ಜಿಯ ಹಳೇ ಸೀರೆಯ ತುಂಡಲ್ಲೇ ಸುತ್ತಿ ಇಡುತ್ತೇನೆ.