ಹಿತ್ತಲ ಹೊಂಡದ ಹಾವಸೆ: ಮೊದಲು ಅದರ ಊಟ ನಿಲ್ಲಿಸಿ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಎಂಟಡಿ ಉದ್ದ, ಐದಡಿ ಅಗಲ, ಎರಡಡಿ ಆಳದ ಹೊಂಡವಿದೆ. ಸುಮಾರು 2,250 ಲೀಟರ್ ನೀರು ಹಿಡಿಯುತ್ತದೆ. ಕಟ್ಟಿಸಿದ ವರ್ಷ ಶಿವರಾತ್ರಿ ಕಳೆದು ಬಿಸಿಲೇರುತ್ತಲೇ ಹಾವಸೆ (ಪಾಚಿ) ಬೆಳೆದು ನೀರೆಲ್ಲ ಹಸಿರುಗಟ್ಟಿತು. ಅಂಗಡಿಯವರೊಬ್ಬರ ಮಾತು ಕೇಳಿ ಒಂದು ಹಿಡಿ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿ ಸುರಿದೆ. ಹಸಿರೇನೋ ಹೋಯಿತು. ಮೂರನೆಯ ದಿನ ನಸುಕಿನಲ್ಲಿ ನೋಡಿದರೆ ಹನ್ನೊಂದು ಮೀನು ಸತ್ತು ತೇಲುತ್ತಿದ್ದವು. ತಾಮ್ರ ಮೀನಿಗೆ ವಿಷ. ಮೇಲಾಗಿ ಒಮ್ಮೆಲೇ ಸತ್ತ ಹಾವಸೆ ಕೊಳೆಯುವಾಗ ನೀರಿನ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಸತ್ತ ಮೀನುಗಳನ್ನು ಪೇರಲ ಗಿಡದ ಬುಡದಲ್ಲಿ ಹೂಳಿದಂದಿನಿಂದ ಮೈಲುತುತ್ತ ಮುಟ್ಟಿಲ್ಲ. ದಯವಿಟ್ಟು ನೀವೂ ಮುಟ್ಟಬೇಡಿ.

ಹಾವಸೆ ಬದುಕುವುದು ಬಿಸಿಲು, ಸಾರಜನಕ, ರಂಜಕದ ಮೇಲೆ. ಕೊನೆಯ ಎರಡನ್ನು ಬಡಿಸುವವರು ನಾವೇ. ನಾನು ದಿನಕ್ಕೆ ಮೂರು ಸಲ ಮೀನಿಗೆ ಕಾಳು ಹಾಕುತ್ತಿದ್ದೆ. ಉಳಿದದ್ದು ತಳದಲ್ಲಿ ಕೊಳೆಯುತ್ತಿತ್ತು. ಈಗ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಗುಲಾಬಿಗೆ ಹಾಕಿದ, ಸಾರಜನಕ ಮತ್ತು ರಂಜಕವಿರುವ ಡಿಎಪಿ ಗೊಬ್ಬರ ಮಳೆನೀರಿನೊಂದಿಗೆ ಹೊಂಡಕ್ಕೆ ಇಳಿಯುತ್ತಿದ್ದುದು ಗೊತ್ತಾದ ಮೇಲೆ ಸುತ್ತ ಗೇಣೆತ್ತರದ ಕಟ್ಟೆ ಕಟ್ಟಿಸಿದೆ. ಉದುರಿದ ಮಾವಿನ ಎಲೆಯನ್ನು ಅಂದಂದೇ ತೆಗೆಯಬೇಕು.

ನೆರಳಿಗೆ ನೈದಿಲೆಗಿಂತ ಒಳ್ಳೆಯದಿಲ್ಲ. ಕುಂಡಕ್ಕೆ ಎರೆಮಣ್ಣು ತುಂಬಿ, ಮೇಲೆ ಹರಳು ಹಾಸಿ ಮುಳುಗಿಸಿ. ಸಗಣಿ ಗೊಬ್ಬರ ಬೆರೆಸಬೇಡಿ, ಅದರ ಸಾರ ನೀರಿಗಿಳಿಯುತ್ತದೆ. ಎಲೆಗಳು ಅರ್ಧಕ್ಕಿಂತ ತುಸು ಹೆಚ್ಚು ಹೊಂಡ ಮುಚ್ಚಿದರೆ ಸಾಕು. ಅಲ್ಲಿಯವರೆಗೆ ಹಸಿರು ಬಲೆ ಕಟ್ಟಿ. ಅಂತರಗಂಗೆಯೂ ನೀರಿನ ಗೊಬ್ಬರ ಹೀರುತ್ತದೆ, ನಿಜ. ಆದರೆ ಹುಬ್ಬಳ್ಳಿಯ ಉಣಕಲ್ ಕೆರೆಯ ಮೇಲೆ ಅದು ಹಬ್ಬಿದ್ದನ್ನು ಕಂಡ ನನಗೆ ಮನೆಗೆ ತರುವ ಮನಸ್ಸಾಗಲಿಲ್ಲ.

ನೂಲಿನಂಥ ಹಾವಸೆ ಬಂದರೆ ಕೈಯೇ ಔಷಧ. ಒರಟು ಕೋಲನ್ನು ನೀರಿಗಿಳಿಸಿ ನಿಧಾನ ತಿರುವಿದರೆ, ಶಾವಿಗೆ ಕೋಲಿಗೆ ಎಳೆ ಬಿದ್ದಂತೆ ಸುತ್ತಿಕೊಂಡು ಬರುತ್ತದೆ. ತೆಗೆದದ್ದನ್ನು ದಂಡೆಯಲ್ಲಿ ಬಿಡದೆ ದೂರದ ಗಿಡದ ಬುಡಕ್ಕೆ ಹಾಕಿ. ಗೋಡೆಗಂಟಿದ ತೆಳು ಲೋಳೆಯನ್ನು ಮಾತ್ರ ತಿಕ್ಕಬೇಡಿ. ಮೀನಿನ ಹೊಲಸನ್ನು ಅರಗಿಸುವ ಸೂಕ್ಷ್ಮಜೀವಿಗಳು ಅಲ್ಲಿವೆ.

ಹೊಂಡ ಪೂರ್ತಿ ಖಾಲಿ ಮಾಡುವುದು ನಾನು ಕಂಡ ಎರಡನೆಯ ದೊಡ್ಡ ತಪ್ಪು. ಹದಿನೈದು ದಿನಕ್ಕೊಮ್ಮೆ ಐದನೆಯ ಒಂದು ಪಾಲು ನೀರು ತೆಗೆದು ಕರಿಬೇವಿಗೆ ಹಾಕುತ್ತೇನೆ. ನಳದಲ್ಲಿ ಬರುವ ಮಲಪ್ರಭೆ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಪೀಪಾಯಿಯಲ್ಲಿ ಎರಡು ದಿನ ಇಟ್ಟು ಆಮೇಲೆ ಸೇರಿಸುತ್ತೇನೆ.

ಹಾವಸೆ ರಾತ್ರಿ ತಾನೂ ಆಮ್ಲಜನಕ ಬಳಸುವುದರಿಂದ ಮೀನಿಗೆ ನಸುಕೇ ಕಷ್ಟದ ಹೊತ್ತು. ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಹೊಂಡದ ನೀರನ್ನೇ ಬಕೆಟಿನಲ್ಲಿ ಎತ್ತಿ ಎತ್ತರದಿಂದ ಸುರಿಯುತ್ತಿರಿ. ನೀರು ಕನ್ನಡಿಯಾಗಬೇಕಿಲ್ಲ. ಮೊಣಕೈವರೆಗೆ ಕೈ ಮುಳುಗಿಸಿದಾಗ ಬೆರಳು ಕಂಡರೆ, ನಾನು ಆ ವಾರ ಏನೂ ಮಾಡುವುದಿಲ್ಲ.