ಐದು ಮನೆಗಳಲ್ಲಿ ಒಂದೇ ತೇರ್ಸ

"ತೇರ್ಸವನ್ನು ತುಂಡು ಮಾಡಿ ಹಂಚಿದರೆ ಅದು ತೇರ್ಸವಲ್ಲ ಮಾರಾಯರೇ, ಪಾಲುಪಟ್ಟಿ" ಎಂದು ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖ್ಯಸ್ಥರಾದ ಗುರ್ಕಾರರು ಮೊದಲೇ ತೀರ್ಪು ಕೊಟ್ಟಿದ್ದರು. ತೇರ್ಸವೆಂದರೆ ನಮ್ಮ ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಎಲ್ಲರೂ ಸೇರಿ ಹೇಳುವ ಜಪಮಾಲೆ ಪ್ರಾರ್ಥನೆ. ನಾವು ಅದನ್ನು ಐದು ಊರುಗಳ ಐದು ಮನೆಗೆ ಹಂಚಿಕೊಂಡಿದ್ದೇವೆ. ಈಗ ಗುರ್ಕಾರರ ಮನೆಯಲ್ಲೂ ಅದೇ ಪಾಲುಪಟ್ಟಿ ನಡೆಯುತ್ತಿದೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಊರಲ್ಲಿ, ಬೇಳದ ಮನೆಯಲ್ಲಿ ಉಳಿದವರು ನಾನು, ನನ್ನ ಹೆಂಡತಿ. ದೊಡ್ಡವನು ಕುವೈತಿನಲ್ಲಿ, ಚಿಕ್ಕವನು ಶಾರ್ಜಾದಲ್ಲಿ, ಮಗಳು ಸಿಡ್ನಿಯಲ್ಲಿ, ತಂಗಿಯ ಸಂಸಾರ ಮುಂಬೈಯಲ್ಲಿ. ಮೊದಲು ಎಲ್ಲರಂತೆ ನಾವೂ ರಾತ್ರಿ ಎಂಟಕ್ಕೆ ವೀಡಿಯೊ ಕರೆ ಮಾಡಿ ನೋಡಿದೆವು. ಇಲ್ಲಿ ಎಂಟಾದಾಗ ಸಿಡ್ನಿಯಲ್ಲಿ ಮಧ್ಯರಾತ್ರಿ ದಾಟಿರುತ್ತದೆ, ಕುವೈತಿನವನು ಇನ್ನೂ ಕೆಲಸದಿಂದ ಹೊರಟಿರುವುದಿಲ್ಲ. ಶಾರ್ಜಾದಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲವಾದ್ದರಿಂದ ಚಿಕ್ಕವನು ತಿಂಗಳಿಗೆ 50 ದಿರ್ಹಮ್ ಆಸುಪಾಸು ತೆತ್ತು ಬೇರೆ ಆ್ಯಪ್ ಹಾಕಿಸಿಕೊಂಡ. ಅಂದರೆ ಸಾವಿರ ರೂಪಾಯಿಗೂ ಮೇಲೆ. ನಾನು ಇಲ್ಲಿ 2,500 ರೂಪಾಯಿಯ ಸ್ಪೀಕರ್ ತಂದೆ. ಅದು ಈಗ ಹಟ್ಟಿಯಲ್ಲಿ ರೇಡಿಯೊ ಕೇಳಿಸುತ್ತಿದೆ.

ಹಣ ಹೋದದ್ದಕ್ಕಿಂತ ತಾಳ ತಪ್ಪಿದ್ದೇ ದೊಡ್ಡ ತಲೆನೋವು. ನಾನು ಒಂದು 'ನಮಾನ್ ಮರಿಯೆ' (ಮರಿಯಮ್ಮನಿಗೆ ನಮಸ್ಕಾರದ ಜಪ) ಮುಗಿಸಿ ಮುಂದಿನದನ್ನು ತೊಡಗುವಾಗ ಕುವೈತಿನಿಂದ ಹಿಂದಿನದರ ಉತ್ತರಾರ್ಧ ಬಂದು ತಲುಪುತ್ತಿತ್ತು. ಹತ್ತು ನಮಾನ್ ಮರಿಯೆಗಳ ಒಂದು ಭಾಗಕ್ಕೆ ರಹಸ್ಯ ಎನ್ನುತ್ತೇವೆ, ದಿನಕ್ಕೆ ಐದು. ಮೂರನೆಯ ರಹಸ್ಯದ ಹೊತ್ತಿಗೆ ಎಲ್ಲರ ಬಾಯಲ್ಲೂ ಬೇರೆ ಬೇರೆ ಸಾಲು, ಮೊಮ್ಮಕ್ಕಳಿಗೆ ನಗು.

ಹಂಚುವ ಉಪಾಯ ನನ್ನದಲ್ಲ. ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೌಲಿನ್ ಜಾರಿಕೊ ಎಂಬಾಕೆ 1826ರಲ್ಲಿಯೇ ಹದಿನೈದು ಜನರ ಗುಂಪು ಕಟ್ಟಿ ಒಬ್ಬೊಬ್ಬರಿಗೆ ಒಂದು ರಹಸ್ಯ ವಹಿಸಿದ್ದಳು. ಈಗಿನ ಇಪ್ಪತ್ತರಲ್ಲಿ ಬೆಳಕಿನ ಐದು ರಹಸ್ಯಗಳನ್ನು ಎರಡನೇ ಜಾನ್ ಪಾಲ್ ಪೋಪರು ಸೇರಿಸಿದ್ದು 2002ರಲ್ಲಿ. ಆಕೆಯ ಕಾಲಕ್ಕೆ ಇದ್ದದ್ದು ಹದಿನೈದೇ. ನಾವು ದಿನದ ಐದನ್ನು ಐದು ಮನೆಗೆ ಹಂಚಿದೆವು. ಮೊದಲನೆಯದು ಸಿಡ್ನಿಯ ಬೆಳಗಿನ ರೈಲಿನಲ್ಲಿ, ನಮ್ಮ ನಿದ್ದೆಯ ನಡುವೆ. ಎರಡನೆಯದು ಇಲ್ಲಿ, ಮೂರನೆಯದು ಮುಂಬೈಯಲ್ಲಿ, ನಾಲ್ಕನೆಯದು ಶಾರ್ಜಾದ ಊಟದ ಬಿಡುವಿನಲ್ಲಿ, ಕೊನೆಯದು ಕುವೈತಿನಲ್ಲಿ ಮಲಗುವ ಮುಂಚೆ. ಮುಗಿಸಿದವರು ಗುಂಪಿನಲ್ಲಿ ರಹಸ್ಯದ ಸಂಖ್ಯೆ ಮಾತ್ರ ಹಾಕಬೇಕು. ಕೈಮುಗಿದ ಚಿತ್ರ, ಗುಲಾಬಿ ಹೂವು ನಿಷಿದ್ಧ. ಒಬ್ಬರು ಬಿಟ್ಟರೆ ಆ ದಿನದ ತೇರ್ಸವೇ ಅರ್ಧ. ಈ ಋಣಕ್ಕೆ ಹೆದರಿ ಮಾಡುವವರೇ ಹೆಚ್ಚು, ಭಕ್ತಿ ಆಮೇಲೆ ಬರುತ್ತದೆ.

ನಾನು ಸೇರಿಸಿದ್ದು ಚೀಟಿ. ವಾರಕ್ಕೊಮ್ಮೆ ಪ್ರತಿ ಮನೆಗೂ ಇನ್ನೊಂದು ಮನೆಯವರ ಹೆಸರು ಹೋಗುತ್ತದೆ. ಯಾವುದಕ್ಕಾಗಿ ಪ್ರಾರ್ಥಿಸಬೇಕೆಂದು ಅವರನ್ನೇ ಕೇಳಿಕೊಳ್ಳಬೇಕು. 'ಆರೋಗ್ಯ, ನೆಮ್ಮದಿ' ಎಂದರೆ ನಾನು ಒಪ್ಪುವುದಿಲ್ಲ, ಕೈಗೆ ಸಿಗುವಂಥದ್ದೇ ಬೇಕು: ಗುರುವಾರದ ಸಂದರ್ಶನ, ಮಗುವಿನ ಕಿವಿನೋವು. ತೋಟದ ಗಡಿಯ ವಿಚಾರದಲ್ಲಿ ಮಾತು ಬಿಟ್ಟಿದ್ದ ಅಣ್ಣ, ತಮ್ಮನಿಗೆ ಕಳುಹಿಸಿದ ಮೊದಲ ಸಂದೇಶ "ಈ ವಾರ ನಿನಗೇನು ಬೇಕು?" ಎಂಬುದು. ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ "ವೀಸಾ ನವೀಕರಣ" ಎಂದು ಬಂತು. ಗಡಿ ಇನ್ನೂ ಇತ್ಯರ್ಥವಾಗಿಲ್ಲ, ಆದರೆ ವೀಸಾ, ಬಾಡಿಗೆ, ಸೊಂಟನೋವು ಎಲ್ಲ ಅಣ್ಣನಿಗೆ ಗೊತ್ತು. ಯಾರ ಚೀಟಿ ಯಾರಿಗೆ ಹೋಗಬೇಕೆಂದು ನಾನು ಹೇಗೆ ಗೊತ್ತುಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳೂ ಇದನ್ನು ಓದುತ್ತಾರೆ.

ಬೆಸಾಂವ್, ಅಂದರೆ ತೇರ್ಸ ಮುಗಿದ ಮೇಲೆ ಹಿರಿಯರು ಕಿರಿಯರಿಗೆ ಕೊಡುವ ಆಶೀರ್ವಾದ ಮಾತ್ರ ಹಂಚಲು ಬರುವುದಿಲ್ಲ. ಅದಕ್ಕೆ ಭಾನುವಾರ ಐದೇ ನಿಮಿಷದ ಕರೆ. ಶಾರ್ಜಾದವನು ಸಾಮಾನ್ಯ ಫೋನಿನಲ್ಲೇ ಮಾಡುತ್ತಾನೆ, ತಿಂಗಳ ಆ 50 ದಿರ್ಹಮ್ ಉಳಿಯಿತು. ಸಿಡ್ನಿಯ ಮೊಮ್ಮಗ ಕೈ ಜೋಡಿಸಿದರೆ ನನ್ನ ಹೆಂಡತಿ ಮೊಬೈಲಿನ ಗಾಜಿನ ಮೇಲೆಯೇ ಅವನ ಹಣೆಗೆ ಶಿಲುಬೆ ಗುರುತು ಹಾಕುತ್ತಾಳೆ. ಹೆಬ್ಬೆರಳು ಕೆಂಪು ಗುಂಡಿಗೆ ತಾಗಿ ಕರೆ ಕಡಿದದ್ದೂ ಉಂಟು.

ಒಮ್ಮೆ ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದಲ್ಲಿ ಮೊರೇವಿಯನ್ನರೆಂಬ ಪ್ರೊಟೆಸ್ಟಂಟ್ ಪಂಥದವರ ಕ್ರಮವನ್ನೂ ಪರೀಕ್ಷಿಸಿದೆ. ಜರ್ಮನಿಯ ಹೆರ್ನ್‌ಹುಟ್‌ನಲ್ಲಿ ಅವರು 1727ರಲ್ಲಿ ತೊಡಗಿದ, ಹಗಲು ರಾತ್ರಿ ಗಂಟೆಗಂಟೆಗೆ ಸರದಿಯಲ್ಲಿ ನಡೆಯುವ ಪ್ರಾರ್ಥನೆ ನೂರು ವರ್ಷ ದಾಟಿತಂತೆ. ನಮ್ಮದು ವಾರವನ್ನೂ ದಾಟಲಿಲ್ಲ. ನವೆಂಬರಿನಲ್ಲಿ ಮೃತರ ಹೆಸರಿನ ಚೀಟಿ ಹಾಕಿದ್ದು ಮಾತ್ರ ಚೆನ್ನಾಗಿ ಹಿಡಿಯಿತು. ಮುತ್ತಜ್ಜಿಯ ಹೆಸರು ಕೇಳಿ ಮಗಳು ಅರ್ಧ ಗಂಟೆ ವಿಚಾರಿಸಿದಳು.

ಮಾಡುವವರಿದ್ದರೆ ಅಕ್ಟೋಬರಿನಲ್ಲಿ ತೊಡಗಬೇಡಿ. ಅದು ಜಪಮಾಲೆಯ ತಿಂಗಳು, ಎಲ್ಲರಿಗೂ ಉತ್ಸಾಹ ಇರುತ್ತದೆ, ನವೆಂಬರಿಗೆ ಅರ್ಧ ಜನ ಇರುವುದಿಲ್ಲ. ಜೂನ್ ಒಳ್ಳೆಯದು. ಐದು ಮನೆ ಸಿಗದಿದ್ದರೆ ಎರಡು ರಹಸ್ಯಗಳನ್ನು ಒಂದೇ ಮನೆಗೆ ಕೊಡಿ, ಆದರೆ ಹಿರಿಯರ ಮನೆಗೆ ಬೇಡ: ಅವರು ಐದನ್ನೂ ತಾವೇ ಹೇಳಿ ಮುಗಿಸಿಬಿಡುತ್ತಾರೆ.