ತ್ವರಿತ ನ್ಯಾಯಾಲಯದ ಪೀಠದಲ್ಲಿ ನಾಲ್ಕು ವರ್ಷ: ನನ್ನ ಅನುಭವ

2003ರ ಜೂನ್ ತಿಂಗಳಿನಲ್ಲಿ, ಹಿರಿಯ ಶ್ರೇಣಿ ಸಿವಿಲ್ ನ್ಯಾಯಾಧೀಶರ ಹುದ್ದೆಯಲ್ಲಿದ್ದ ನನ್ನನ್ನು ಅಡ್‌ಹಾಕ್ (ತಾತ್ಕಾಲಿಕ) ಬಡ್ತಿಯ ಮೇಲೆ ತ್ವರಿತ ನ್ಯಾಯಾಲಯ (ಫಾಸ್ಟ್ ಟ್ರ್ಯಾಕ್ ಕೋರ್ಟ್) ಒಂದರ ಪೀಠಾಸೀನ ಅಧಿಕಾರಿಯಾಗಿ ನೇಮಿಸಲಾಯಿತು. 2007ರವರೆಗೆ ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರದಲ್ಲಿ ಕೊಲೆ, ಕೊಲೆಯತ್ನ, ವರದಕ್ಷಿಣೆ ಸಾವು, ಡಕಾಯಿತಿ ಮೊದಲಾದ ಸೆಷನ್ಸ್ ಪ್ರಕರಣಗಳ ವಿಚಾರಣೆ ನಡೆಸಿದೆ. ಹೀಗೆ ವಿಶೇಷವಾಗಿ ನೇಮಕಗೊಂಡ ನ್ಯಾಯಾಧೀಶರಿಂದ ಏನು ಪ್ರಯೋಜನ, ಅವರಿಗೆ ಎಷ್ಟು ಖರ್ಚು ಎಂಬ ಚರ್ಚೆ ಎದ್ದಾಗಲೆಲ್ಲ ಲೆಕ್ಕವು ಸಂಬಳದ ಪಟ್ಟಿಯಲ್ಲಿಯೇ ನಿಂತುಬಿಡುತ್ತದೆ. ನಾನು ಪೀಠದಲ್ಲಿ ಕುಳಿತು ಕಂಡ ಖರ್ಚಿನ ದೊಡ್ಡ ಭಾಗ ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಮೊದಲು ಪಟ್ಟಿಯಲ್ಲಿದ್ದದ್ದನ್ನು ಹೇಳುತ್ತೇನೆ. 11ನೇ ಹಣಕಾಸು ಆಯೋಗವು ಇಡೀ ದೇಶಕ್ಕೆ 1734 ತ್ವರಿತ ನ್ಯಾಯಾಲಯಗಳನ್ನು ಶಿಫಾರಸು ಮಾಡಿ, 2000ದಿಂದ 2005ರವರೆಗಿನ ಐದು ವರ್ಷಗಳಿಗೆ 502.90 ಕೋಟಿ ರೂಪಾಯಿ ಒದಗಿಸಿತ್ತು. ಅದರಲ್ಲಿ ಕರ್ನಾಟಕದ ಪಾಲಿಗೆ ಬಂದವು 93. ಭಾಗಿಸಿ ನೋಡಿದರೆ ಒಂದು ನ್ಯಾಯಾಲಯಕ್ಕೆ ಐದು ವರ್ಷಕ್ಕೆ ಸುಮಾರು 29 ಲಕ್ಷ, ಅಂದರೆ ವರ್ಷಕ್ಕೆ ಆರು ಲಕ್ಷಕ್ಕೂ ಕಡಿಮೆ. 2019ರಲ್ಲಿ ಅತ್ಯಾಚಾರ ಮತ್ತು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ಪ್ರಕರಣಗಳಿಗಾಗಿ 1023 ತ್ವರಿತ ವಿಶೇಷ ನ್ಯಾಯಾಲಯಗಳನ್ನು ಯೋಜಿಸಿದಾಗ ಒಬ್ಬ ನ್ಯಾಯಾಧೀಶರು ಮತ್ತು ಏಳು ಸಿಬ್ಬಂದಿಗೆಂದು ವರ್ಷಕ್ಕೆ 75 ಲಕ್ಷ ರೂಪಾಯಿ ಹಿಡಿದರು. ಪ್ರತಿ ನ್ಯಾಯಾಲಯ ವರ್ಷಕ್ಕೆ 165 ಪ್ರಕರಣಗಳನ್ನು ಮುಗಿಸಬೇಕೆಂಬ ನಿರೀಕ್ಷೆಯೂ ಜೊತೆಗಿತ್ತು. ಬೆಲೆಯೇರಿಕೆಯನ್ನು ಕಳೆದರೂ ಈ ಎರಡು ಮೊತ್ತಗಳ ನಡುವೆ ಉಳಿಯುವ ಅಂತರವನ್ನು ನೋಡಿದಾಗ, ನಮ್ಮ ಕಾಲದಲ್ಲಿ ನ್ಯಾಯಾಧೀಶರ ಕುರ್ಚಿಗೆ ಹಣವಿತ್ತು, ಅದರ ಸುತ್ತಲಿನ ಕೆಲಸಕ್ಕೆ ಇರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ಯಾರನ್ನು ನೇಮಿಸಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2002ರ ಬ್ರಿಜ್ ಮೋಹನ್ ಲಾಲ್ ಪ್ರಕರಣದಲ್ಲಿ ಹೇಳಿತ್ತು: ಮೊದಲ ಆದ್ಯತೆ ಅರ್ಹ ನ್ಯಾಯಾಂಗ ಅಧಿಕಾರಿಗಳ ಅಡ್‌ಹಾಕ್ ಬಡ್ತಿಗೆ, ಎರಡನೆಯದು ಉತ್ತಮ ಸೇವಾ ದಾಖಲೆಯ ನಿವೃತ್ತ ನ್ಯಾಯಾಧೀಶರಿಗೆ, ಮೂರನೆಯದು ವಕೀಲ ಸಮುದಾಯದಿಂದ ನೇರ ನೇಮಕಕ್ಕೆ. ನಿವೃತ್ತರಿಗೆ ಕೊನೆಯ ಸಂಬಳದಲ್ಲಿ ಪಿಂಚಣಿಯನ್ನು ಕಳೆದು ಉಳಿದದ್ದನ್ನು ಕೊಡಬೇಕಾಗಿದ್ದುದರಿಂದ ಸರ್ಕಾರಕ್ಕೆ ಅವರು ಅಗ್ಗವಾಗಿದ್ದರು. ನನ್ನಂಥವರ ನೇಮಕವೂ ಕಾಗದದ ಮೇಲೆ ಅಗ್ಗವಾಗಿಯೇ ಕಾಣುತ್ತಿತ್ತು. ಆದರೆ ನಾನು ಬಿಟ್ಟುಬಂದ ಸಿವಿಲ್ ನ್ಯಾಯಾಲಯದ ಕುರ್ಚಿ ಹಲವು ತಿಂಗಳು ಖಾಲಿ ಇತ್ತು. ಅಲ್ಲಿ ವಾದ ಕೇಳಿ ಮುಗಿಯುವ ಹಂತದಲ್ಲಿದ್ದ ಆಸ್ತಿ ವಿಭಾಗದ ದಾವೆಗಳು ಹೊಸಬರು ಬಂದ ಮೇಲೆ ಮತ್ತೆ ಮೊದಲಿನಿಂದ ವಾದಕ್ಕೆ ಬಂದವು. ಆ ಕಕ್ಷಿದಾರರು ತೆತ್ತ ವಕೀಲರ ಫೀಜನ್ನೂ ಬಸ್ ಚಾರ್ಜನ್ನೂ ತ್ವರಿತ ನ್ಯಾಯಾಲಯದ ಖರ್ಚೆಂದು ಯಾರೂ ಬರೆದುಕೊಳ್ಳಲಿಲ್ಲ.

ಕೆಲಸವನ್ನು ಹೇಗೆ ಮಾಡಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪ್ರಧಾನ ಜಿಲ್ಲಾ ನ್ಯಾಯಾಧೀಶರಿಂದ ವರ್ಗವಾಗಿ ಬಂದ ಕಡತಗಳಲ್ಲಿ ಆರೋಪಿ ಜೈಲಿನಲ್ಲಿದ್ದವುಗಳನ್ನು ಮೊದಲು ಬೇರೆ ಮಾಡಿಸಿದೆ. ಆಮೇಲೆ ಪ್ರತಿ ದೋಷಾರೋಪಣಾ ಪಟ್ಟಿಯ ಸಾಕ್ಷಿಗಳ ಯಾದಿಯನ್ನು ನಾನೇ ಕುಳಿತು ಓದುತ್ತಿದ್ದೆ. ಮೂವತ್ತು ಸಾಕ್ಷಿಗಳಿರುವ ಕಡೆ ಘಟನಾ ಸ್ಥಳದ ನಕ್ಷೆ ಬರೆದ ಲೋಕೋಪಯೋಗಿ ಇಲಾಖೆಯ ಇಂಜಿನಿಯರು, ಮುದ್ದೆಮಾಲನ್ನು (ವಶಪಡಿಸಿಕೊಂಡ ವಸ್ತುಗಳನ್ನು) ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಒಯ್ದ ಪೇದೆ, ಪ್ರಥಮ ವರ್ತಮಾನ ವರದಿಯನ್ನು ಮ್ಯಾಜಿಸ್ಟ್ರೇಟರಿಗೆ ತಲುಪಿಸಿದ ಪೇದೆ, ಹೀಗೆ ಏಳೆಂಟು ಮಂದಿಯಾದರೂ ಔಪಚಾರಿಕ ಸಾಕ್ಷಿಗಳಾಗಿರುತ್ತಾರೆ. 2024ರವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 294ನೇ ಕಲಮಿನಡಿ ಎರಡೂ ಕಡೆಯವರು ಒಪ್ಪಿದ ದಾಖಲೆಗಳಿಗೆ ವಿಧಿವತ್ತಾದ ರುಜುವಾತು ಬೇಕಿರಲಿಲ್ಲ. ಆರೋಪ ಹೊರಿಸಿದ ದಿನವೇ ಸರ್ಕಾರಿ ಅಭಿಯೋಜಕರನ್ನೂ (ಪ್ರಾಸಿಕ್ಯೂಟರ್) ಆರೋಪಿಯ ವಕೀಲರನ್ನೂ ಕೇಳಿ, ಒಪ್ಪಿದ್ದನ್ನು ಬರೆಸಿಕೊಂಡು, ಅಷ್ಟು ಸಾಕ್ಷಿಗಳ ಓಡಾಟವನ್ನು ತಪ್ಪಿಸುತ್ತಿದ್ದೆ. ಕೊಲೆ ಪ್ರಕರಣಗಳಲ್ಲಿ ಮಾತ್ರ, ಶವಪರೀಕ್ಷೆಯ ವರದಿಗೆ ತಕರಾರಿಲ್ಲವೆಂದು ವಕೀಲರು ಹೇಳಿದರೂ, ವೈದ್ಯರನ್ನು ಕರೆಸುತ್ತಿದ್ದೆ. ಆ ಗಾಯ ಆ ಆಯುಧದಿಂದ ಆಗಿರಬಹುದೇ ಎಂಬ ಪ್ರಶ್ನೆಗೆ ಕಾಗದ ಉತ್ತರ ಕೊಡುವುದಿಲ್ಲ.

ಅದೇ ಸಂಹಿತೆಯ 309ನೇ ಕಲಮು ದಿನವಹಿ ವಿಚಾರಣೆಯನ್ನು ಬಯಸುತ್ತಿತ್ತು. ಅದನ್ನು ಪಾಲಿಸಲು ನಾನು ಒಂದು ಪ್ರಕರಣಕ್ಕೆ ಬೆನ್ನುಬೆನ್ನಿಗೆ ನಾಲ್ಕು ದಿನ ಮೀಸಲಿಡುತ್ತಿದ್ದೆ: ಮೊದಲ ದಿನ ಫಿರ್ಯಾದಿ ಮತ್ತು ಪ್ರತ್ಯಕ್ಷ ಸಾಕ್ಷಿಗಳು, ಮರುದಿನ ಪಂಚರು (ಪೊಲೀಸರ ಮಹಜರಿಗೆ ಸಾಕ್ಷಿಯಾಗಿ ಸಹಿ ಮಾಡಿದವರು), ಮೂರನೆಯ ದಿನ ವೈದ್ಯರು, ಕೊನೆಗೆ ತನಿಖಾಧಿಕಾರಿ. ಪ್ರತ್ಯಕ್ಷ ಸಾಕ್ಷಿಗಳೆಲ್ಲರ ಮುಖ್ಯ ವಿಚಾರಣೆ, ಪಾಟೀಸವಾಲು ಎರಡೂ ಒಂದೇ ದಿನ ಮುಗಿದರೆ, ಒಬ್ಬರ ಸಾಕ್ಷ್ಯಕ್ಕೂ ಇನ್ನೊಬ್ಬರ ಸಾಕ್ಷ್ಯಕ್ಕೂ ನಡುವಿನ ತಿಂಗಳುಗಳಲ್ಲಿ ಊರಿನ ಹಿರಿಯರು ರಾಜಿ ಮಾಡಿಸಿ ಸಾಕ್ಷಿಯನ್ನು ಪ್ರತಿಕೂಲವಾಗಿಸಲು ಎಡೆ ಸಿಗುವುದಿಲ್ಲ. ಬಂದ ಸಾಕ್ಷಿಯನ್ನು ವಾಪಸು ಕಳಿಸಬಾರದೆಂದು ಸಂಜೆ ಆರೂವರೆಯವರೆಗೂ ಕುಳಿತದ್ದುಂಟು. ಆದರೆ ಸರ್ಕಾರದ ಖರ್ಚಿನಲ್ಲಿ ನೇಮಿಸಿದ ಕಿರಿಯ ವಕೀಲರು ಬಡ ಆರೋಪಿಯ ಪರ ನಿಂತಾಗ, ಕಡತ ಓದಲು, ಜೈಲಿಗೆ ಹೋಗಿ ಕಕ್ಷಿದಾರನನ್ನು ಕಾಣಲು ಅವರಿಗೆ ಕೇಳಿದಷ್ಟು ಕಾಲ ಕೊಟ್ಟಿದ್ದೇನೆ. ಅಂಥ ಕಡೆ ಮಾಸಿಕ ವಿಲೇವಾರಿ ಪಟ್ಟಿಯಲ್ಲಿ ನನ್ನ ಅಂಕಿ ಇಳಿದರೂ ಇಳಿಯಲಿ ಎಂದು ನಿರ್ಧರಿಸಿದ್ದೆ.

ಈ ವ್ಯವಸ್ಥೆ ನಿಲ್ಲುತ್ತಿದ್ದದ್ದು ನನ್ನ ಕೈಯಲ್ಲಿಲ್ಲದ ಸಣ್ಣ ಸಂಗತಿಗಳಿಂದ. ನಮಗಿದ್ದ ಅಭಿಯೋಜಕರು ಇನ್ನೊಂದು ನ್ಯಾಯಾಲಯದ ಹೊಣೆಯನ್ನೂ ಹೊತ್ತಿದ್ದರು. ಶೀಘ್ರಲಿಪಿಕಾರರು ವಾರದಲ್ಲಿ ಮೂರು ದಿನ ಮಾತ್ರ ಸಿಗುತ್ತಿದ್ದುದರಿಂದ ಉಳಿದ ದಿನಗಳಲ್ಲಿ ಸಾಕ್ಷ್ಯವನ್ನು ಬೆಂಚ್ ಕ್ಲರ್ಕ್ ಬೆರಳಚ್ಚು ಮಾಡುತ್ತಿದ್ದರು. ಬಂದೋಬಸ್ತಿಗೆ ಪೊಲೀಸರು ಹೋದ ದಿನ ಜೈಲಿನಿಂದ ಆರೋಪಿಯನ್ನು ಕರೆತರಲು ಬೆಂಗಾವಲು ಇರುತ್ತಿರಲಿಲ್ಲ, ಮತ್ತು ಆರೋಪಿ ಇಲ್ಲದ ಕಾರಣ ಬಂದ ಐವರು ಸಾಕ್ಷಿಗಳೂ ಮರಳಬೇಕಾಗುತ್ತಿತ್ತು. ಅವರಿಗೆ ಕೊಡುತ್ತಿದ್ದ ಸಾಕ್ಷಿ ಬತ್ತೆ ಬಿಟ್ಟುಬಂದ ಒಂದು ದಿನದ ಕೂಲಿಗೂ ಸಮವಾಗುತ್ತಿರಲಿಲ್ಲ. ಬತ್ತೆಯ ಅನುದಾನ ಮುಗಿದಿದೆ ಎಂದು ಶಿರಸ್ತೇದಾರರು ಹೇಳಿದ ತಿಂಗಳುಗಳಲ್ಲಿ ಅದೂ ಇಲ್ಲ. ಶೇಂಗಾ ಕೀಳುವ ಕಾಲದಲ್ಲಿ ನಲವತ್ತು ಕಿಲೋಮೀಟರಿನಿಂದ ಬಂದ ಹೆಣ್ಣುಮಗಳೊಬ್ಬಳನ್ನು ಎರಡನೆಯ ಬಾರಿಯೂ ಸುಮ್ಮನೆ ಕಳಿಸಬೇಕಾದಾಗ ಪೀಠದಲ್ಲಿ ಕುಳಿತ ನನಗೆ ಆದ ಸಂಕಟ ಈಗಲೂ ಮಾಸಿಲ್ಲ.

ಎಲ್ಲಕ್ಕಿಂತ ಭಾರವಾದ ಖರ್ಚು ನೇಮಕದ ತಾತ್ಕಾಲಿಕತೆಯದೇ ಆಗಿತ್ತು. ಯೋಜನೆಯ ಅವಧಿ 2005ರ ಮಾರ್ಚ್ 31ಕ್ಕೆ ಮುಗಿಯಬೇಕಿತ್ತು. ಮುಂದೇನೆಂದು ಜನವರಿಯಲ್ಲಿ ನಮಗೆ ಯಾರಿಗೂ ತಿಳಿದಿರಲಿಲ್ಲ. ಅರ್ಧ ನಡೆಸಿ ಬಿಟ್ಟ ವಿಚಾರಣೆಯನ್ನು ಮುಂದಿನ ನ್ಯಾಯಾಧೀಶರು 326ನೇ ಕಲಮಿನಡಿ ನಾನು ದಾಖಲಿಸಿದ ಸಾಕ್ಷ್ಯದ ಮೇಲೆಯೇ ಮುಂದುವರಿಸಬಹುದಿತ್ತು, ನಿಜ. ಆದರೆ ಸಾಕ್ಷಿ ಯಾವ ಪ್ರಶ್ನೆಗೆ ತಡವರಿಸಿದ, ಯಾರತ್ತ ನೋಡಿ ಉತ್ತರಿಸಿದ ಎಂಬುದನ್ನು ಅವರು ಕಂಡಿರುತ್ತಿರಲಿಲ್ಲ. ಆದ್ದರಿಂದ ಆ ದಿನಗಳಲ್ಲಿ ನಾನು 280ನೇ ಕಲಮಿನ ಅವಕಾಶವನ್ನು ಬಳಸಿ, ಪ್ರತಿ ಮುಖ್ಯ ಸಾಕ್ಷಿಯ ವರ್ತನೆಯ ಬಗ್ಗೆ ಎರಡು ಮೂರು ಸಾಲುಗಳ ಷರಾ ಬರೆಸತೊಡಗಿದೆ. ಹೆಚ್ಚು ಸಾಕ್ಷಿಗಳಿರುವ ವಿಚಾರಣೆಗಳನ್ನು ಆರಂಭಿಸದೆ ತಡೆಹಿಡಿದು, ಎರಡು ವಾರಗಳಲ್ಲಿ ಮುಗಿಯಬಲ್ಲವನ್ನು ಮಾತ್ರ ಕೈಗೆತ್ತಿಕೊಂಡೆ. ಆ ತ್ರೈಮಾಸಿಕದ ವಿಲೇವಾರಿ ಅಂಕಿ ಹಿಂದಿನದಕ್ಕಿಂತ ಚೆನ್ನಾಗಿಯೇ ಕಂಡಿತು.

ಕೇಂದ್ರವು ಯೋಜನೆಯನ್ನು ಮುಂದುವರಿಸಿತು. ಮುಂದೆ 2011ರ ಮಾರ್ಚ್‌ವರೆಗೂ ಅದರ ನೆರವು ಹರಿಯಿತು. ನಾನು ತಡೆಹಿಡಿದಿದ್ದ ಪ್ರಕರಣಗಳನ್ನು ಬೇಸಿಗೆ ಕಳೆದ ಮೇಲೆ ಒಂದೊಂದಾಗಿ ತೆರೆದೆ. ಅವುಗಳಲ್ಲಿ ಇಪ್ಪತ್ತಾರು ಸಾಕ್ಷಿಗಳ ಒಂದು ಕೊಲೆ ಪ್ರಕರಣದ ಎರಡನೆಯ ಆರೋಪಿ ಮೂರು ವರ್ಷದಿಂದ ಜೈಲಿನಲ್ಲಿದ್ದ. ಅವನ ವಿರುದ್ಧ ಇದ್ದದ್ದು ಒಬ್ಬ ಸಾಕ್ಷಿಯ ಮಾತು ಮಾತ್ರ, ಅದು ಪಾಟೀಸವಾಲಿನಲ್ಲಿ ಉಳಿಯಲಿಲ್ಲ. ಅವನನ್ನು ಖುಲಾಸೆಗೊಳಿಸಿದ ತೀರ್ಪಿನಲ್ಲಿ ಬಂಧನದ ದಿನದಿಂದ ಬಿಡುಗಡೆಯವರೆಗಿನ ಅವಧಿಯನ್ನು ದಾಖಲಿಸುವಾಗ, ಅದರೊಳಗೆ ಜನವರಿಯಿಂದ ಜೂನ್‌ವರೆಗಿನ ತಿಂಗಳುಗಳೂ ಸೇರಿದ್ದವು.